ಕಂದು ಕಾಗದದ ಮೇಲೊಂದು ಎವರೆಸ್ಟ್

1924ರ ಜೂನ್ 4, ಸೂರ್ಯ ಮುಳುಗುವ ಹೊತ್ತು. ಎವರೆಸ್ಟಿನ ಉತ್ತರದ ಏಣಿನ ಮೇಲೆ ಇಬ್ಬರು ಇಳಿದು ಬರುತ್ತಿದ್ದರು. ಮುಂದೆ ಎಡ್ವರ್ಡ್ ನಾರ್ಟನ್, ಒಂದಿಷ್ಟು ಹಿಂದೆ ಹೋವರ್ಡ್ ಸೋಮರ್ವೆಲ್. ಕಷ್ಟದ ಜಾಗ ಮುಗಿಯಿತೆಂದು ಹಗ್ಗ ಬಿಚ್ಚಿಕೊಂಡಿದ್ದರು. ಸ್ವಲ್ಪ ದೂರ ಬಂದ ಮೇಲೆ ಗೆಳೆಯ ಹಿಂದೆ ಬಿದ್ದದ್ದು ನಾರ್ಟನ್ ಅವರ ಗಮನಕ್ಕೆ ಬಂತು. ಅವರಿಗೆ ಗಾಬರಿಯೇನೂ ಆಗಲಿಲ್ಲ. ಸುತ್ತಲಿನ ಶಿಖರಗಳಿಗೆಲ್ಲ ಸಂಜೆಗೆಂಪು ಹತ್ತಿತ್ತು. ಸೋಮರ್ವೆಲ್ ಎಲ್ಲೋ ನಿಂತು ಅದನ್ನು ಬರೆದುಕೊಳ್ಳುತ್ತಿರಬೇಕು, ಇಲ್ಲವೇ ಫೋಟೊ ತೆಗೆಯುತ್ತಿರಬೇಕು ಎಂದುಕೊಂಡು ಮುಂದೆ ನಡೆದರು.

ಸೋಮರ್ವೆಲ್ ಚಿತ್ರ ಬರೆಯುತ್ತಿರಲಿಲ್ಲ, ಸಾಯುತ್ತಿದ್ದರು. ವಾರಗಟ್ಟಲೆ ಒಣ ಚಳಿಗಾಳಿ ಎಳೆದೆಳೆದು ಗಂಟಲ ಒಳಪದರ ಚಳಿಗೆ ಸತ್ತು, ಕಿತ್ತು ಬಂದು ಉಸಿರಿನ ದಾರಿಗೇ ಅಡ್ಡ ಕೂತಿತ್ತು. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಕೂಗಲು ದನಿಯಿಲ್ಲ. ಮುಂದೆ ಹೋಗುತ್ತಿದ್ದವರ ಬೆನ್ನು ನೋಡುತ್ತ ಅವರು ಹಿಮದ ಮೇಲೆ ಕುಳಿತುಬಿಟ್ಟರು. ಕೊನೆಯದಾಗಿ ಎರಡೂ ಕೈಯಿಂದ ಎದೆಯನ್ನು ಜೋರಾಗಿ ಒತ್ತಿದರು. ಅಡ್ಡ ಕೂತದ್ದು ಬಾಯಿಗೆ ಬಂತು, ಜೊತೆಗೆ ರಕ್ತವೂ ಬಂತು. ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಗಂಟಲಲ್ಲಿ ಗಾಳಿ ಸರಾಗ ಆಡಿತು. ಅವರು ಎದ್ದು ನಡೆದರು.

ಆ ಮನುಷ್ಯನ ಬಗ್ಗೆ ಒಡನಾಡಿಗಳಿಗೆ ಇದ್ದ ಕಲ್ಪನೆ ಎಂಥದು ಎಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಏಳೂವರೆ ಸಾವಿರ ಮೀಟರ್ ಎತ್ತರದಲ್ಲಿ, ಇಡೀ ದಿನ ಏರಿ ಇಳಿದು ಸುಸ್ತಾದ ಮೇಲೂ, ಸಂಜೆಯ ಬಣ್ಣ ಕಂಡರೆ ಈತ ನಿಂತೇ ನಿಲ್ಲುತ್ತಾನೆ ಎಂಬ ನಂಬಿಕೆ ಅವರದು. ಹಾಗೆ ನಂಬಲು ಕಾರಣವಿತ್ತು. ಎವರೆಸ್ಟಿಗೆ ಹೋದ ಎರಡೂ ಬಾರಿ ಸೋಮರ್ವೆಲ್ ದಾರಿಯುದ್ದಕ್ಕೂ ಚಿತ್ರ ಬರೆದಿದ್ದರು. ಟಿಬೆಟ್ಟಿನ ಬಯಲು, ಮಠ, ಹಿಮನದಿ, ಬೆಟ್ಟದ ನೆರಳು ಯಾವುದನ್ನೂ ಬಿಟ್ಟಿರಲಿಲ್ಲ. ಬದುಕಿನುದ್ದಕ್ಕೂ ಬರೆದ ಚಿತ್ರಗಳನ್ನು ನೂರರ ಲೆಕ್ಕದಲ್ಲಿ ಎಣಿಸಬೇಕು.

ಅವರ ಹೆಸರು ಇಂದು ಕೇಳಿಬರುವುದು ಹೆಚ್ಚಾಗಿ ಎವರೆಸ್ಟಿನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ಕಥೆಯ ಅಂಚಿನಲ್ಲಿ. ಮ್ಯಾಲರಿಗೆ ಕ್ಯಾಮೆರಾ ಕೊಟ್ಟವರು ಎಂಬಷ್ಟಕ್ಕೆ ಆ ಪರಿಚಯ ಮುಗಿದುಹೋಗುತ್ತದೆ. ಇದು ಅನ್ಯಾಯ. ಈ ಮನುಷ್ಯ ತನ್ನ ಬದುಕಿನ ಸುಮಾರು ನಲವತ್ತು ವರ್ಷಗಳನ್ನು ಕಳೆದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲಿ ಹೆಚ್ಚಿನ ಕಾಲವನ್ನು ಕನ್ಯಾಕುಮಾರಿಗೆ ಹೋಗುವ ನಮ್ಮ ಪ್ರವಾಸಿ ಬಸ್ಸುಗಳು ಪದ್ಮನಾಭಪುರದ ಅರಮನೆ ನೋಡಿಕೊಂಡು ಹಾದುಹೋಗುವ ಸೀಮೆಯಲ್ಲಿ ಎಂಬುದನ್ನು ನೆನೆದರೆ ಅನ್ಯಾಯ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ.

ಥಿಯೊಡರ್ ಹೋವರ್ಡ್ ಸೋಮರ್ವೆಲ್ ಹುಟ್ಟಿದ್ದು 1890ರ ಏಪ್ರಿಲ್ 16ರಂದು, ಇಂಗ್ಲೆಂಡಿನ ಕೆಂಡಲ್ ಎಂಬ ಊರಿನಲ್ಲಿ. ಸರೋವರಗಳಿಗೂ ಬೆಟ್ಟಗಳಿಗೂ ಹೆಸರಾದ ಲೇಕ್ ಡಿಸ್ಟ್ರಿಕ್ಟಿನ ಬಾಗಿಲು ಅದು. ಮನೆತನದ ವ್ಯವಹಾರ ಬೂಟು ತಯಾರಿಕೆ. ಅವರ ಕಾರ್ಖಾನೆಯ ‘ಕೆ ಶೂಸ್’ ಬ್ರಿಟನ್ನಿನಲ್ಲಿ ಮನೆಮಾತಾಗಿತ್ತು. ಹುಡುಗನಿಗೆ ಮಾತ್ರ ಬೂಟು ಮಾರುವುದಕ್ಕಿಂತ ಅದನ್ನು ಬೆಟ್ಟದ ಮೇಲೆ ಸವೆಸುವುದೇ ಇಷ್ಟವಾಯಿತು. ಹದಿನೆಂಟಕ್ಕೆ ಅಲ್ಲಿನ ಪರ್ವತಾರೋಹಿಗಳ ಸಂಘ ಸೇರಿದರು. ರಗ್ಬಿ ಶಾಲೆ, ಆಮೇಲೆ ಕೇಂಬ್ರಿಜ್, ಅಲ್ಲಿ ವಿಜ್ಞಾನದ ಎರಡೂ ಪರೀಕ್ಷೆಗಳಲ್ಲಿ ಮೊದಲ ದರ್ಜೆ. ಅಲ್ಲಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯದ ಕಲಿಕೆ.

ಅಷ್ಟರಲ್ಲೇ ಯುದ್ಧ ಬಂತು. 1915ರಿಂದ ಫ್ರಾನ್ಸಿನಲ್ಲಿ ಸೇನೆಯ ವೈದ್ಯರಾಗಿದ್ದರು. 1916ರ ಜುಲೈ 1ರಂದು ಸೋಮ್ ನದಿಯ ಕದನ ಶುರುವಾಯಿತು. ಬ್ರಿಟಿಷ್ ಸೇನೆಯ ಇತಿಹಾಸದಲ್ಲೇ ಅಷ್ಟು ರಕ್ತ ಹರಿದ ಇನ್ನೊಂದು ದಿನವಿಲ್ಲ. ಗಾಯಾಳುಗಳನ್ನು ತಂದು ಹಾಕುತ್ತಿದ್ದ ಡೇರೆಯೊಂದರಲ್ಲಿ ಸೋಮರ್ವೆಲ್ ಸೇರಿ ನಾಲ್ವರು ಶಸ್ತ್ರವೈದ್ಯರಿದ್ದರು. ಹೊರಗಿನ ಬಯಲಿನ ತುಂಬ ಸ್ಟ್ರೆಚರುಗಳು. ಬಿಡುವಾದಾಗ ಅವರು ಆ ಸಾಲುಗಳ ನಡುವೆ ಓಡಾಡಿದರು. ಸಾಯುವ ಸ್ಥಿತಿಯಲ್ಲಿದ್ದವರು ಎಷ್ಟೋ ಮಂದಿ. ಆದರೂ ತನ್ನನ್ನು ಮೊದಲು ನೋಡಿ ಎಂದು ಒಬ್ಬನೂ ಕೇಳಲಿಲ್ಲ. ಇದು ಅವರ ಮನಸ್ಸಿಗೆ ನಾಟಿತು. ಅಂದಿನಿಂದ ಬದುಕಿನ ಕೊನೆಯವರೆಗೂ ಅವರು ಯುದ್ಧವಿರೋಧಿಯಾಗಿಯೇ ಉಳಿದರು. ಸಾಲಿನಲ್ಲಿ ಕಾದು ಮಲಗಿದ ರೋಗಿಗಳ ನೋಟ ಅವರಿಗೆ ಮತ್ತೆ ಎದುರಾಗುವುದು ಆರು ವರ್ಷಗಳ ಮೇಲೆ, ಬೇರೊಂದು ನೆಲದಲ್ಲಿ.

1922ರಲ್ಲಿ ಜನರಲ್ ಚಾರ್ಲ್ಸ್ ಬ್ರೂಸ್ ಮುಂದಾಳುತನದ ಎವರೆಸ್ಟ್ ತಂಡಕ್ಕೆ ಅವರು ಆಯ್ಕೆಯಾದರು. ಶಿಖರ ಮುಟ್ಟಲೆಂದೇ ಹೊರಟ ಮೊದಲ ದಂಡು ಅದು. ಆಗ ನೇಪಾಳದ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಡಾರ್ಜಿಲಿಂಗಿನಿಂದ ಹೊರಟು, ಸಿಕ್ಕಿಂ ದಾಟಿ, ಟಿಬೆಟ್ಟಿನ ಎತ್ತರದ ಬಯಲನ್ನು ವಾರಗಟ್ಟಲೆ ನಡೆದು, ರಾಂಗ್‌ಬುಕ್ ಕಣಿವೆಯ ಮೂಲಕ ಉತ್ತರದಿಂದ ಬೆಟ್ಟವನ್ನು ಸೇರಬೇಕಿತ್ತು. ಉಳಿದವರಿಗೆ ಬೇಸರ ತರಿಸಿದ ಈ ನಡಿಗೆ ಚಿತ್ರಕಾರನಿಗೆ ಪಾಠಶಾಲೆಯಾಯಿತು.

ಟಿಬೆಟ್ಟಿನ ಗಾಳಿಯಲ್ಲಿ ತೇವವಿಲ್ಲ. ಯುರೋಪಿನ ಭೂದೃಶ್ಯ ಚಿತ್ರಕಾರರು ದೂರವನ್ನು ತೋರಿಸುವ ಬಗೆ ಸುಲಭದ್ದು. ಹಿಂದಿನ ಬೆಟ್ಟಕ್ಕೆ ತೆಳು ನೀಲಿ ಮಂಜು ಬಳಿದರೆ ಅದು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಮಲೆನಾಡಿನ ಗುಡ್ಡಸಾಲನ್ನು ನೋಡಿದ ಯಾರಿಗೂ ಈ ನೀಲಿ ಗೊತ್ತು. ಟಿಬೆಟ್ಟಿನಲ್ಲಿ ಮಳೆಗಾಲಕ್ಕೆ ಮೊದಲು ಆ ನೀಲಿಯೇ ಇಲ್ಲ. ಎಷ್ಟೋ ಮೈಲಿ ಆಚೆಯ ಬೆಟ್ಟ ಪಕ್ಕದ ಬೆಟ್ಟದಷ್ಟೇ ಗೀಟು ಕೊರೆದಂತೆ ನಿಚ್ಚಳವಾಗಿ ನಿಲ್ಲುತ್ತದೆ. ದೂರ, ಹತ್ತಿರ ಎಂಬುದೇ ಅಳಿಸಿಹೋಗುತ್ತದೆ. ಮುಂಗಾರು ಮೋಡ ಹಿಮಾಲಯ ದಾಟಿ ಬಂದ ಮೇಲಷ್ಟೇ ನೀಲಿ, ನೇರಳೆ ಬಣ್ಣಗಳು ಹುಟ್ಟುತ್ತವೆ. ದಂಡಯಾತ್ರೆಯ ಅಧಿಕೃತ ಗ್ರಂಥದಲ್ಲಿ ಸೋಮರ್ವೆಲ್ ಬರೆದ ಅಧ್ಯಾಯಗಳಲ್ಲಿ ಒಂದು ಎತ್ತರಕ್ಕೆ ದೇಹ ಒಗ್ಗುವ ಬಗೆಯನ್ನು ಕುರಿತದ್ದು, ಇನ್ನೊಂದು ಟಿಬೆಟ್ಟಿನ ಬಣ್ಣಗಳನ್ನು ಕುರಿತದ್ದು. ನಾಡಿ ಎಣಿಸುವ ವೈದ್ಯ ಮತ್ತು ನೆರಳಿನ ಬಣ್ಣ ಗುರುತಿಸುವ ಚಿತ್ರಕಾರ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂತಿದ್ದಾರೆ.

ಅವರು ಬಳಸುತ್ತಿದ್ದ ಕಾಗದದ ಮಾತು ಇಲ್ಲಿಯೇ ಬರಬೇಕು. ಸಾಮಾನು ಕಟ್ಟಲು ಅಂಗಡಿಯವರು ಬಳಸುವಂಥ ಅಗ್ಗದ ಕಂದು ಕಾಗದ ಅದು. ಇಂಗ್ಲೆಂಡಿನಲ್ಲಿದ್ದಾಗಲೇ ಅದರ ಮೇಲೆ ಜಲವರ್ಣ, ಪ್ಯಾಸ್ಟೆಲ್ ಹಾಕುವುದು ಅವರಿಗೆ ರೂಢಿಯಾಗಿತ್ತು. ಟಿಬೆಟ್ಟಿಗೆ ಬಂದ ಮೇಲೆ ಆ ಕಾಗದಕ್ಕೂ ನೆಲಕ್ಕೂ ಗಂಟು ಬಿತ್ತು. ಹುಲ್ಲಿಲ್ಲದ, ಮರವಿಲ್ಲದ ಆ ಮಣ್ಣುಬೆಟ್ಟಗಳ ಬಣ್ಣ ಕಾಗದದ ಮೈಯಲ್ಲೇ ಇತ್ತು. ನೆಲವನ್ನು ಬಳಿಯಬೇಕಾಗಿರಲಿಲ್ಲ, ಹಿಮ, ಆಕಾಶ, ನೆರಳುಗಳನ್ನು ಇಟ್ಟರೆ ಸಾಕು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ, ಬೆರಳು ಮರಗಟ್ಟುವ ಮೊದಲೇ ಕೆಲಸ ಮುಗಿಸಬೇಕಾದವನಿಗೆ ಇದಕ್ಕಿಂತ ಜಾಣ ಆಯ್ಕೆ ಇರಲಾರದು.

ಅವರ ಬೆಟ್ಟಗಳಲ್ಲಿ ಅಲಂಕಾರವಿಲ್ಲ. ಚಪ್ಪಟೆಯಾದ ದೊಡ್ಡ ದೊಡ್ಡ ಮೈಗಳು, ಚೂಪಾದ ಅಂಚು, ಬೆಳಕಿನ ಭಾಗ ಇಲ್ಲಿಗೆ ಮುಗಿಯಿತು, ನೆರಳು ಇಲ್ಲಿಂದ ಶುರು ಎಂಬ ಖಚಿತತೆ. ಹತ್ತೊಂಬತ್ತನೇ ಶತಮಾನದ ಚಿತ್ರಕಾರರು ಹಿಮಾಲಯವನ್ನು ದೇವಲೋಕದಂತೆ, ಮೋಡದಲ್ಲಿ ತೇಲಿಸಿ ಬರೆದರು. ಸೋಮರ್ವೆಲ್ ಬರೆದದ್ದು ಹತ್ತುವವನ ಬೆಟ್ಟ. ಯಾವ ಏಣು ಎಲ್ಲಿ ಮುರಿಯುತ್ತದೆ, ಯಾವ ಇಳಿಜಾರಿನಲ್ಲಿ ಹಿಮ ನಿಲ್ಲುತ್ತದೆ ಎಂಬುದು ಅಲ್ಲಿ ಓದಲು ಸಿಗುತ್ತದೆ. ಒಳಗಿನ ಮೂಳೆ ಗೊತ್ತಿರುವ ಶಸ್ತ್ರವೈದ್ಯನ ಕೈ ಅದು ಎಂದು ಆ ಚಿತ್ರಗಳ ಮುಂದೆ ನಿಂತಾಗ ಅನ್ನಿಸದೇ ಇರದು.

ಬಣ್ಣದ ಜೊತೆ ಸಂಗೀತವೂ ಇತ್ತು. ಟಿಬೆಟ್ಟಿನವರು, ಶೆರ್ಪಾಗಳು ಹಾಡುತ್ತಿದ್ದ ಧಾಟಿಗಳನ್ನು ಅವರು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡರು. ಕ್ಯಾಪ್ಟನ್ ಜಾನ್ ನೋಯೆಲ್ 1924ರ ಯಾತ್ರೆಯ ಬಗ್ಗೆ ತೆಗೆದ ಮೂಕಿ ಚಿತ್ರ ‘ದಿ ಎಪಿಕ್ ಆಫ್ ಎವರೆಸ್ಟ್’ ತೆರೆಕಂಡಾಗ ಅದರೊಂದಿಗೆ ನುಡಿಸಿದ ಸಂಗೀತಕ್ಕೆ ಈ ಸಂಗ್ರಹವೂ ನೆರವಾಯಿತು. ಡೇರೆಯೊಳಗಿನ ಸಂಜೆಗಳಲ್ಲಿ ಅವರೂ ಮ್ಯಾಲರಿಯೂ ಒಬ್ಬರಿಗೊಬ್ಬರು ಷೇಕ್ಸ್‌ಪಿಯರನನ್ನು ಓದಿ ಹೇಳಿಕೊಳ್ಳುತ್ತಿದ್ದರು.

1922ರ ಮೇ 21ರಂದು ಮ್ಯಾಲರಿ, ನಾರ್ಟನ್, ಸೋಮರ್ವೆಲ್ ಮೂವರೂ ಆಮ್ಲಜನಕದ ಸಿಲಿಂಡರಿಲ್ಲದೆ 26,985 ಅಡಿ ಏರಿದರು. ಅಲ್ಲಿಯವರೆಗೆ ಮನುಷ್ಯ ಅಷ್ಟು ಎತ್ತರದಲ್ಲಿ ಕಾಲಿಟ್ಟಿರಲಿಲ್ಲ. ಇಳಿಯುವಾಗ, ಡೇರೆಯಲ್ಲಿ ಬಿಟ್ಟುಹೋಗಿದ್ದ ಹೆನ್ರಿ ಮೋರ್ಸ್‌ಹೆಡ್ ಅವರನ್ನೂ ಹಗ್ಗಕ್ಕೆ ಕಟ್ಟಿಕೊಂಡರು. ಜಾರಿದ್ದು ಒಬ್ಬರು, ಎಳೆದುಕೊಂಡು ಹೋದದ್ದು ಇನ್ನಿಬ್ಬರನ್ನು. ಮ್ಯಾಲರಿ ಹಿಮಗೊಡಲಿ ಊರಿ ಹಗ್ಗ ಸುತ್ತಿ ತಡೆಯದಿದ್ದರೆ ನಾಲ್ವರ ಕಥೆಯೂ ಅಲ್ಲಿಗೆ ಮುಗಿಯುತ್ತಿತ್ತು. ರಾತ್ರಿ ನಾರ್ತ್ ಕೋಲ್ ಎಂಬ ಏಣಿನ ತಗ್ಗಿನಲ್ಲಿದ್ದ ಡೇರೆ ಮುಟ್ಟಿದಾಗ ಹಿಮ ಕರಗಿಸಲು ಪಾತ್ರೆಯಿರಲಿಲ್ಲ. ಜಾಮು, ಗಟ್ಟಿಹಾಲು, ಹಿಮ ಕಲಸಿ ತಿಂದು ಬಾಯಾರಿಕೆ ಕಳೆದುಕೊಂಡರು. ಮರುದಿನ ಕೆಳಗಿನ ಡೇರೆಯಲ್ಲಿ ಹದಿನೇಳು ಲೋಟ ಚಹಾ ಕುಡಿದೆ ಎಂದು ಸೋಮರ್ವೆಲ್ ಒಪ್ಪಿಕೊಂಡರು.

ಜೂನ್ 7ರಂದು ಮತ್ತೊಂದು ಪ್ರಯತ್ನ. ಹೊಸ ಹಿಮ ಬಿದ್ದು ಹೆಚ್ಚು ದಿನ ಕಳೆದಿರಲಿಲ್ಲ. ನಾರ್ತ್ ಕೋಲಿನ ಇಳಿಜಾರಿನಲ್ಲಿ ಮ್ಯಾಲರಿ, ಸೋಮರ್ವೆಲ್, ಕ್ರಾಫರ್ಡ್ ಮುಂದೆ. ಹಗ್ಗಗಳಲ್ಲಿ ಅವರೊಂದಿಗೆ ಹದಿನಾಲ್ಕು ಮಂದಿ ಹೊರೆಯಾಳುಗಳು. ಏನೋ ಸಿಡಿದ ಸದ್ದು, ನೆಲವೇ ಜಾರಿತು. ಮೇಲಿದ್ದವರು ಹಿಮದಿಂದ ಎದ್ದು ಬಂದರು. ಕೆಳಗಿದ್ದ ಒಂಬತ್ತು ಮಂದಿಯನ್ನು ಹಿಮ ಒಂದು ಗೋಡೆಯಾಚೆ ದೂಡಿತು. ಇಬ್ಬರನ್ನು ಅಗೆದು ಬದುಕಿಸಿದರು. ಏಳು ಜನ ಸತ್ತರು.

ಸತ್ತವರಲ್ಲಿ ನಮ್ಮ ಬಿಳಿಯರೊಬ್ಬರೂ ಇಲ್ಲವಲ್ಲ, ಅವರ ಪಾಲಿನ ಸಾವನ್ನು ನಮ್ಮಲ್ಲೊಬ್ಬರಾದರೂ ಹಂಚಿಕೊಳ್ಳಬಾರದಿತ್ತೇ ಎಂಬ ಸಂಕಟ ಸೋಮರ್ವೆಲ್ ಅವರನ್ನು ಬಿಡಲಿಲ್ಲ. ಮುಂದೆ ಬರೆದ ಆತ್ಮಕಥೆಯಲ್ಲೂ ಅದನ್ನು ಮುಚ್ಚಿಡಲಿಲ್ಲ. ಆ ಕಾಲದ ಸಾಹಸ ಸಾಹಿತ್ಯದಲ್ಲಿ ಹೊರೆಯಾಳುಗಳ ಸಾವು ಸಾಮಾನು ಕಳೆದುಹೋದ ಲೆಕ್ಕದಂತೆ ಬಂದುಹೋಗುವುದನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ.

ಬೆಟ್ಟದಿಂದ ಇಳಿದವರು ನೇರ ಊರಿಗೆ ಹೋಗಲಿಲ್ಲ. ಜೇಬಿನಲ್ಲಿ ಅರುವತ್ತು ಪೌಂಡು ಇಟ್ಟುಕೊಂಡು ಭಾರತ ನೋಡಲು ಹೊರಟರು. ತಿರುಗುತ್ತ ತಿರುಗುತ್ತ ದೇಶದ ತುದಿಗೆ, ತಿರುವಾಂಕೂರು ಸಂಸ್ಥಾನದ ನೆಯ್ಯೂರಿಗೆ ಬಂದರು. ಇಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ ಊರು ಅದು. ಅಲ್ಲಿ ಲಂಡನ್ ಮಿಷನ್ನಿನವರು 1838ರಲ್ಲಿ ಶುರುಮಾಡಿದ ಆಸ್ಪತ್ರೆಯಿತ್ತು. ದೊಡ್ಡ ಸೀಮೆಗೆಲ್ಲ ಆಸರೆಯಾದ ಆ ಆಸ್ಪತ್ರೆಯಲ್ಲಿ ಅಂದು ಇದ್ದ ಅರ್ಹ ಶಸ್ತ್ರವೈದ್ಯರು ಸ್ಟೀಫನ್ ಪ್ಯೂ ಒಬ್ಬರೇ. ಹೊರಗೆ ಮುಗಿಯದ ಸಾಲು. ಎತ್ತಿನ ಗಾಡಿಯಲ್ಲಿ ಬಂದವರು, ನಡೆದು ಬಂದವರು, ಹೊತ್ತು ತಂದವರು. ಅತಿಥಿಯಾಗಿ ಬಂದ ಸೋಮರ್ವೆಲ್ ಕೈತೊಳೆದುಕೊಂಡು ಕೆಲಸಕ್ಕೆ ನಿಂತರು.

ಸೋಮ್ ನದಿಯ ಬಯಲಲ್ಲಿ ಕಂಡ ಸಾಲೇ ಇದು ಎಂದು ಅವರಿಗೆ ಅನ್ನಿಸಿರಬೇಕು. ಲಂಡನ್ನಿನಲ್ಲಿ ಅವರಿಗಾಗಿ ಒಳ್ಳೆಯ ಹುದ್ದೆ, ಹೆಸರು ಎರಡೂ ಕಾದಿದ್ದವು. ಅದನ್ನೆಲ್ಲ ಬಿಟ್ಟು ನೆಯ್ಯೂರಿಗೆ ಬರುತ್ತೇನೆಂದು ಹೇಳಿದಾಗ ಗೆಳೆಯರು ದಂಗಾದರು. ಹೊರಡುವ ಮೊದಲು, 1923ರಲ್ಲಿ, ಬೆಂಟ್ಲಿ ಬೀಥಮ್ ಎಂಬ ಗೆಳೆಯನ ಜೊತೆ ಆಲ್ಪ್ಸಿಗೆ ಹೋಗಿ ಕೆಲವೇ ವಾರಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಿಖರ ಹತ್ತಿದರು. ಆಮೇಲೆ ಹಡಗು ಏರಿದರು.

ಹಾಗಾಗಿ 1924ರಲ್ಲಿ ಎವರೆಸ್ಟಿನ ಕರೆ ಬಂದಾಗ ಸೋಮರ್ವೆಲ್ ಹೊರಟದ್ದು ಇಂಗ್ಲೆಂಡಿನಿಂದಲ್ಲ, ತೆಂಗಿನ ತೋಟಗಳ ನಡುವಿನ ನೆಯ್ಯೂರಿನಿಂದ. ಉಪಖಂಡದ ದಕ್ಷಿಣ ತುದಿಯಿಂದ ಉತ್ತರದ ಗೋಡೆಗೆ.

ಆ ಸಲದ ಅವರ ದೊಡ್ಡ ಸಾಹಸ ಶಿಖರದ ದಾರಿಯಲ್ಲಿ ನಡೆದದ್ದಲ್ಲ. ಮೇ 24ರಂದು ನಾಲ್ವರು ಹೊರೆಯಾಳುಗಳು ನಾರ್ತ್ ಕೋಲಿನ ಡೇರೆಯಲ್ಲಿ ಸಿಕ್ಕಿಬಿದ್ದಿದ್ದರು. ಇಳಿಯುವ ದಾರಿಯಲ್ಲಿ ಹೊಸ ಹಿಮ ಕೂತು ಎರಡು ವರ್ಷದ ಹಿಂದಿನ ಸಾವಿನ ಇಳಿಜಾರೇ ಮತ್ತೆ ಎದುರು ನಿಂತಿತ್ತು. ನಾರ್ಟನ್, ಮ್ಯಾಲರಿ, ಸೋಮರ್ವೆಲ್ ಮೂವರಿಗೂ ಮೈಯಲ್ಲಿ ಹುಷಾರಿರಲಿಲ್ಲ. ಆದರೂ ಹತ್ತಿದರು. ಕೊನೆಯ ಅಪಾಯದ ಇಳಿಜಾರನ್ನು ಅಡ್ಡಹಾಯಲು ಸೋಮರ್ವೆಲ್ ಮುಂದಾದರು. ಉಳಿದಿಬ್ಬರು ಹಿಂದಿನಿಂದ ಹಗ್ಗ ಬಿಡುತ್ತ ಬಂದರು. ಕೆಲವೇ ಗಜ ಉಳಿದಿರುವಾಗ ಹಗ್ಗ ಮುಗಿಯಿತು. ಆಳುಗಳು ತಾವಾಗಿ ಆ ಗಜಗಳನ್ನು ದಾಟಿ ಬರಬೇಕಾಯಿತು. ಇಬ್ಬರು ಬಂದರು. ಉಳಿದಿಬ್ಬರು ಒಟ್ಟಿಗೆ ಇಳಿಯಹೋಗಿ ಹಿಮ ಕುಸಿದು ಜಾರಿದರು, ಪ್ರಪಾತದ ಅಂಚಿನ ಸಮೀಪ ಹೇಗೋ ನಿಂತರು. ಅಲುಗಾಡಬೇಡಿ ಎಂದು ಕೂಗಿ ಹೇಳಿ, ಸೋಮರ್ವೆಲ್ ಸೊಂಟದ ಹಗ್ಗ ಬಿಚ್ಚಿದರು. ಹಿಮಗೊಡಲಿಯನ್ನು ಹಿಮಕ್ಕೆ ಊರಿ ಅದಕ್ಕೆ ಹಗ್ಗ ಸುತ್ತಿ, ತುದಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿ, ಒಬ್ಬೊಬ್ಬರನ್ನೇ ಕತ್ತಿನ ಪಟ್ಟಿ ಹಿಡಿದು ಎಳೆದುಕೊಂಡರು. ನಾಲ್ವರೂ ಬದುಕಿ ಇಳಿದರು. 1922ರ ಏಳು ಸಾವುಗಳು ಮನಸ್ಸಿನಲ್ಲಿ ಕೊರೆಯದವರು ಹಾಗೆ ಹಗ್ಗ ಬಿಚ್ಚಿಕೊಳ್ಳುತ್ತಿದ್ದರೇ?

ಹತ್ತು ದಿನ ಕಳೆದ ಮೇಲೆ ನಾರ್ಟನ್ ಮತ್ತು ಸೋಮರ್ವೆಲ್ 26,800 ಅಡಿ ಎತ್ತರದ ಪುಟ್ಟ ಡೇರೆಯಿಂದ ಶಿಖರದತ್ತ ಹೊರಟರು. ಆಮ್ಲಜನಕ ಇಲ್ಲ. ಒಂದೊಂದು ಹೆಜ್ಜೆಗೆ ಏಳು, ಎಂಟು, ಹತ್ತು ಉಸಿರು. ಸುಮಾರು 28,000 ಅಡಿಯಲ್ಲಿ ಗಂಟಲು ಸೋಮರ್ವೆಲ್ ಅವರನ್ನು ನಿಲ್ಲಿಸಿತು. ಮುಂದೆ ಹೋಗಿ ಎಂದು ನಾರ್ಟನ್ ಅವರನ್ನು ಕಳಿಸಿ ತಾವು ಬಂಡೆಯ ಮೇಲೆ ಕುಳಿತರು. ಅಲ್ಲಿಂದ ತೆಗೆದ ಫೋಟೊ ಈಗಲೂ ಇದೆ. ಹೆಂಚು ಹೊದೆಸಿದಂಥ ಬಂಡೆಯಿಳಿಜಾರಿನಲ್ಲಿ ಬಾಗಿದ ಒಂಟಿ ಆಕೃತಿ. ನಾರ್ಟನ್ 28,126 ಅಡಿ ಮುಟ್ಟಿ ಹಿಂದಿರುಗಿದರು. ಸಿಲಿಂಡರಿಲ್ಲದೆ ಅದಕ್ಕಿಂತ ಮೇಲೆ ಹೋಗಿ ಬಂದದ್ದು ಖಚಿತವಾಗಿ ದಾಖಲಾಗಲು 1978ರವರೆಗೆ, ರೈನ್‌ಹೋಲ್ಡ್ ಮೆಸ್ನರ್ ಮತ್ತು ಪೀಟರ್ ಹಾಬೆಲರ್ ಬರುವವರೆಗೆ ಕಾಯಬೇಕಾಯಿತು.

ನಾರ್ಟನ್ ಕೂಡ ಜಲವರ್ಣ ಬರೆಯುವವರು, ಅವರ ದಿನಚರಿಯ ಪುಟಗಳಲ್ಲೆಲ್ಲ ರೇಖೆ, ಬಣ್ಣ. ಅಂದು ಭೂಮಿಯ ಮೇಲೆ ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದ ಇಬ್ಬರೂ ಚಿತ್ರಕಾರರೇ ಆಗಿದ್ದರು. ಆ ದಿನ ಇಬ್ಬರಿಂದಲೂ ಬೆಲೆ ಕೇಳಿತು. ಕಪ್ಪು ಬಂಡೆಯ ಮೇಲೆ ಕಾಲಿಡುವ ಜಾಗ ಸರಿಯಾಗಿ ಕಾಣಲೆಂದು ಕನ್ನಡಕ ತೆಗೆದಿದ್ದ ನಾರ್ಟನ್, ಆ ರಾತ್ರಿಯೇ ಹಿಮದ ಬೆಳಕಿಗೆ ಕಣ್ಣು ಕಾಣದಂತಾಗಿ ಎರಡು ದಿನಕ್ಕೂ ಹೆಚ್ಚು ಕುರುಡರಾಗಿ ಮಲಗಿದರು. ಸೋಮರ್ವೆಲ್ ಇಳಿಯುವಾಗ ಹಿಮಗೊಡಲಿ ಕೈಜಾರಿ ಉರುಳಿಹೋಯಿತು. ಡೇರೆಯ ಕೋಲೊಂದನ್ನು ಊರುಗೋಲು ಮಾಡಿಕೊಂಡರು. ಆಮೇಲೆ ನಡೆದದ್ದೇ ಆ ಗಂಟಲಿನ ಪ್ರಸಂಗ.

ಕೆಳಗಿಳಿದ ಸೋಮರ್ವೆಲ್ ಅವರಿಂದ ಮ್ಯಾಲರಿ ಪುಟ್ಟ ಕೊಡಾಕ್ ಕ್ಯಾಮೆರಾ ಇಸಿದುಕೊಂಡರು. ಜೂನ್ 8ರಂದು ಆಂಡ್ರ್ಯೂ ಇರ್ವಿನ್ ಜೊತೆ ಮೇಲೆ ಹೋದವರು ಮರಳಲಿಲ್ಲ. 1999ರಲ್ಲಿ ಮ್ಯಾಲರಿಯ ದೇಹ ಸಿಕ್ಕಿತು. 2024ರಲ್ಲಿ ಇರ್ವಿನ್ ಅವರ ಹೆಸರು ಹೊಲಿದ ಕಾಲುಚೀಲವಿದ್ದ ಬೂಟು ರಾಂಗ್‌ಬುಕ್ ಹಿಮನದಿಯಲ್ಲಿ ಸಿಕ್ಕಿತು. ಕ್ಯಾಮೆರಾ ಸಿಕ್ಕಿಲ್ಲ. ಅದರೊಳಗಿನ ಫಿಲ್ಮಿನಲ್ಲಿ ಶಿಖರದ ಚಿತ್ರ ಇದೆಯೇ ಎಂಬ ಪ್ರಶ್ನೆಗೆ ನೂರು ವರ್ಷದಿಂದ ಉತ್ತರವಿಲ್ಲ.

ತಳದ ಡೇರೆಯ ಬಳಿ ಸೋಮರ್ವೆಲ್, ಬೀಥಮ್ ಮತ್ತಿತರರು ಸೇರಿ ಕಲ್ಲು ಪೇರಿಸಿ ಒಂದು ಸ್ಮಾರಕ ಕಟ್ಟಿದರು. ಅಲ್ಲಿಯವರೆಗಿನ ಮೂರು ಎವರೆಸ್ಟ್ ಯಾತ್ರೆಗಳಲ್ಲಿ ಸತ್ತ ಹನ್ನೆರಡು ಮಂದಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು. ಮ್ಯಾಲರಿ, ಇರ್ವಿನ್ ಜೊತೆಯಲ್ಲೇ 1922ರ ಏಳು ಹೊರೆಯಾಳುಗಳ ಹೆಸರು. ತಂಡದ ಬೂಟು ಹೊಲಿಯುತ್ತಿದ್ದ, ಕಾಲು ಚಳಿಗೆ ಸತ್ತು ಪ್ರಾಣಬಿಟ್ಟ ಮನ್ ಬಹಾದೂರನ ಹೆಸರು. ಬೂಟಿನ ಕಾರ್ಖಾನೆಯ ಮನೆಯಲ್ಲಿ ಬೆಳೆದವರಿಗೆ ಆ ಹೆಸರು ಹೇಗೆ ಕಂಡಿರಬಹುದು!

ಮುಂದಿನ ಕಾಲು ಶತಮಾನ ನೆಯ್ಯೂರಿನದು. 1925ರಲ್ಲಿ ಮಾರ್ಗರೆಟ್ ಹೋಪ್ ಸಿಂಪ್ಸನ್ ಅವರನ್ನು ಮದುವೆಯಾದರು. ಮೂವರು ಗಂಡುಮಕ್ಕಳು. ಬೆಳಗಿನಿಂದ ಕತ್ತಲಾಗುವವರೆಗೆ ಶಸ್ತ್ರಚಿಕಿತ್ಸೆಯ ಕೋಣೆ, ಸುತ್ತಲಿನ ಶಾಖಾ ಆಸ್ಪತ್ರೆಗಳಿಗೆ ಓಡಾಟ, ಕುಷ್ಠರೋಗಿಗಳ ಆರೈಕೆ. ಅವರು ಮಿಷನರಿ, ಕ್ರೈಸ್ತ ನಂಬಿಕೆಯನ್ನು ಹರಡಲೆಂದೂ ಬಂದವರು, ಆ ಮಾತನ್ನು ಅವರು ಎಂದೂ ಅಡಗಿಸಿದವರಲ್ಲ. ಪರಕೀಯ ಆಳ್ವಿಕೆಯ ಕಾಲದ ಮಿಷನ್ ಕೆಲಸವನ್ನು ಇಂದು ನಾವು ಹಲವು ಪ್ರಶ್ನೆಗಳೊಂದಿಗೆ ನೋಡುತ್ತೇವೆ, ನೋಡಲೂ ಬೇಕು. ಆದರೆ ಹೊಟ್ಟೆ ಹಿಡಿದುಕೊಂಡು ಬಂದ ರೈತನಿಗೆ ಆ ಸೀಮೆಯಲ್ಲಿ ಹೋಗಲು ಬೇರೆ ಬಾಗಿಲು ಎಷ್ಟಿದ್ದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೊಟ್ಟೆಯ ಮಾತು ಸುಮ್ಮನೆ ಬಂದದ್ದಲ್ಲ. ತಿರುವಾಂಕೂರಿನಲ್ಲಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ವಿಪರೀತವಾಗಿತ್ತು. ಊಟವಾದ ಕೆಲವು ಗಂಟೆಗೆ ಹೊಟ್ಟೆ ಕೊರೆಯುವ ನೋವು, ವರ್ಷಗಟ್ಟಲೆ ನರಳಾಟ, ಕೊನೆಗೆ ದಾರಿ ಮುಚ್ಚಿ ತಿಂದದ್ದೆಲ್ಲ ವಾಂತಿ. ಮರಗೆಣಸು ಬಡವರ ಮುಖ್ಯ ಆಹಾರವಾಗಿದ್ದ ಸೀಮೆ. ಈ ರೋಗಕ್ಕೂ ಉಣ್ಣುವ ಬಗೆಗೂ ಏನು ನಂಟು ಎಂದು ಸೋಮರ್ವೆಲ್ ಮತ್ತು ಸಹೋದ್ಯೋಗಿ ಡಾ. ಓರ್ ಹುಡುಕಿದರು. ಇಬ್ಬರೂ ಸೇರಿ ಬರೆದ ಪ್ರಬಂಧ 1936ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಪತ್ರಿಕೆಯಲ್ಲಿ ಬಂತು. ಇಂಥ ಹುಣ್ಣುಗಳ ಹಿಂದೆ ಬಹುತೇಕ ಒಂದು ಬ್ಯಾಕ್ಟೀರಿಯಾ ಇದೆ, ಮಾತ್ರೆಯಿಂದಲೇ ವಾಸಿಮಾಡಬಹುದು ಎಂದು ಜಗತ್ತಿಗೆ ತಿಳಿದದ್ದು ಅವರು ತೀರಿಹೋದ ಮೇಲೆ, 1980ರ ದಶಕದಲ್ಲಿ. ಅವರ ಕಾಲದಲ್ಲಿ ಇದ್ದ ದಾರಿ ಕತ್ತಿಯದೊಂದೇ. ಜಠರವನ್ನು ಕರುಳಿಗೆ ಬೇರೆ ಕಡೆಯಿಂದ ಜೋಡಿಸಿ ಹುಣ್ಣಿನ ಜಾಗವನ್ನು ತಪ್ಪಿಸುವ ಶಸ್ತ್ರಕ್ರಿಯೆಯಲ್ಲಿ ಅವರ ಕೈ ಎಷ್ಟು ಪಳಗಿತೆಂದರೆ, 1948ರಲ್ಲಿ ಜಠರದ ಶಸ್ತ್ರಚಿಕಿತ್ಸೆಯ ಬಗ್ಗೆ ಪಠ್ಯವನ್ನೇ ಬರೆದರು.

ಇನ್ನೊಂದು ಪಿಡುಗು ನಮಗೂ ಹೊಸದಲ್ಲ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುವವರ ಕೆನ್ನೆಯ ಒಳಗೆ ಹುಟ್ಟುವ ಕ್ಯಾನ್ಸರ್. ಸಣ್ಣ ಬಿಳಿ ಮಚ್ಚೆಯಿಂದ ಶುರುವಾಗಿ ಕೆನ್ನೆಯನ್ನೇ ತೂತು ಮಾಡುವ ಕಾಯಿಲೆ. ಅದಕ್ಕೆ ನೆಯ್ಯೂರಿನಲ್ಲಿ ರೇಡಿಯಂ ಚಿಕಿತ್ಸೆ ಕೊಡುತ್ತಿದ್ದರು. ದೊಡ್ಡ ನಗರಗಳಲ್ಲೇ ಅಪರೂಪವಾಗಿದ್ದ ರೇಡಿಯಂ ತೆಂಗಿನ ತೋಟಗಳ ನಡುವಿನ ಹಳ್ಳಿಯಲ್ಲಿ ಸಿಗುತ್ತಿತ್ತು. ನೆಯ್ಯೂರು ಇಂದಿಗೂ ಕ್ಯಾನ್ಸರ್ ಚಿಕಿತ್ಸೆಗೆ ಜನ ಹೋಗುವ ಊರು.

ಈ ನಡುವೆ 1936ರಲ್ಲಿ ‘ಆಫ್ಟರ್ ಎವರೆಸ್ಟ್’ ಎಂಬ ಆತ್ಮಕಥೆ ಬಂತು. ಹೆಸರೇ ಹೇಳುವಂತೆ ಅವರ ಪಾಲಿಗೆ ಬದುಕಿನ ಮುಖ್ಯ ಭಾಗ ಎವರೆಸ್ಟ್ ಆದಮೇಲಿನದು. ಎಲ್ಲ ಜಾತಿಯ ಹಿಂದೂಗಳನ್ನೂ ದೇವಸ್ಥಾನದೊಳಕ್ಕೆ ಬಿಡುವ ತಿರುವಾಂಕೂರು ಮಹಾರಾಜರ ಘೋಷಣೆ ಹೊರಬಿದ್ದದ್ದು ಅದೇ ವರ್ಷದ ನವೆಂಬರಿನಲ್ಲಿ. ಜಾತಿ ಕಾಲಿಗೆ ಮಾತ್ರವಲ್ಲ, ನೆರಳಿಗೂ ಗೆರೆ ಎಳೆದಿದ್ದ ಸಂಸ್ಥಾನದಲ್ಲಿ, ಎಲ್ಲರ ಹೊಟ್ಟೆಯನ್ನೂ ಒಂದೇ ಮೇಜಿನ ಮೇಲೆ ಮಲಗಿಸಿ ಕೊಯ್ಯುವ ಕೆಲಸ ಅವರದಾಗಿತ್ತು.

1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಹೋಗಿ ಶಸ್ತ್ರವೈದ್ಯ ಕಲಿಸಿದರು. ಕೋಲಾರ, ಬೆಂಗಳೂರಿನ ಕಡೆಯವರು ಕೈಲಾಗದ ಕಾಯಿಲೆಗೆಲ್ಲ ‘ವೆಲ್ಲೂರಿಗೆ ಹೋಗಿ’ ಎನ್ನುವ ಅದೇ ಆಸ್ಪತ್ರೆ. ಹೊಸದಾಗಿ ಸ್ವತಂತ್ರವಾದ ದೇಶದ ಎಳೆಯ ವೈದ್ಯರು ಅವರ ಕೈಕೆಳಗೆ ಪಳಗಿದರು. 1961ರಲ್ಲಿ ಊರಿಗೆ ಮರಳಿದ ಮೇಲೆ ಲಂಡನ್ನಿನ ಆಲ್ಪೈನ್ ಕ್ಲಬ್ ಅವರನ್ನು 1962ರಿಂದ 1965ರವರೆಗೆ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು. ಇದಕ್ಕೂ ಬಹಳ ಮುಂಚೆ, ಅವರಿದ್ದ 1922ರ ಎವರೆಸ್ಟ್ ತಂಡಕ್ಕೆ 1924ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಪರ್ವತಾರೋಹಣದ ಪದಕ ಸಂದಿತ್ತು. ಸತ್ತ ಏಳು ಹೊರೆಯಾಳುಗಳ ಪಾಲೂ ಅದರಲ್ಲಿ ಇತ್ತು.

ಬೇರೆ ಪರ್ವತಾರೋಹಿಗಳು ಎತ್ತರದ ಅಂಕಿಗಳನ್ನು ಬಿಟ್ಟುಹೋದರು. ಸೋಮರ್ವೆಲ್ ಆ ಎತ್ತರದ ಬಣ್ಣ ಯಾವುದು ಎಂದು ಬರೆದಿಟ್ಟರು. ಕಪ್ಪುಬಿಳುಪು ಫೋಟೊಗಳ ಕಾಲ ಅದು. 1920ರ ದಶಕದಲ್ಲಿ ಲಂಡನ್ನಿನಲ್ಲಿ ಕೂತವರಿಗೆ ಎವರೆಸ್ಟ್ ಬೂದುಬಣ್ಣದ ಬೆಟ್ಟ. ಅಲ್ಲಿನ ಮಣ್ಣು ಎಂಥ ಕಂದು, ಬೆಳಗಿನ ನೆರಳು ಎಂಥ ನೀಲಿ, ಮುಂಗಾರಿನ ಮುನ್ನಾದಿನ ಆಕಾಶ ಹೇಗೆ ದಟ್ಟವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಕೈಯಾರೆ ಬರೆದು ತಂದವರು ಕೆಲವೇ ಜನ. ಸೋಮರ್ವೆಲ್ ಅವರಲ್ಲಿ ಮೊದಲ ಸಾಲಿನವರು. ಕಲಾಚರಿತ್ರೆಯ ಪುಸ್ತಕಗಳು ಅವರನ್ನು ಹವ್ಯಾಸಿ ಎಂದು ಬದಿಗಿಟ್ಟರೆ ಒಪ್ಪುವುದು ಕಷ್ಟ. ಅವರಿಗೆ ಚಿತ್ರ ಬಿಡುವಿನ ಕಾಲಕ್ಷೇಪವಾಗಿರಲಿಲ್ಲ. ನೋಡುವುದನ್ನು ನಿಲ್ಲಿಸಲಾರದ ಮನುಷ್ಯನ ದಿನದ ಅಭ್ಯಾಸವಾಗಿತ್ತು.

ಕೊನೆಯ ವರ್ಷಗಳನ್ನು ಅವರು ಹುಟ್ಟಿದೂರಿನ ಸಮೀಪದ ಆಂಬಲ್‌ಸೈಡಿನಲ್ಲಿ ಕಳೆದರು. ಮೊದಲು ಹತ್ತಿದ ಬೆಟ್ಟಗಳು ಅಲ್ಲಿಂದ ಕೂಗಳತೆಯಲ್ಲಿದ್ದವು. 1975ರ ಜನವರಿ 23ರಂದು, ಎಂಬತ್ತನಾಲ್ಕರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಮ್ಯಾಲರಿಗೆ ಕೊಟ್ಟ ಕ್ಯಾಮೆರಾ ಇನ್ನೂ ಹಿಮದಲ್ಲೆಲ್ಲೋ ಇರಬೇಕು. ಅಂಗಡಿಯ ಕಂದು ಕಾಗದದ ಮೇಲಿನ ಬೆಟ್ಟಗಳು ಗಾಜಿನ ಚೌಕಟ್ಟಿನೊಳಗೆ ತೂಗುತ್ತಿವೆ, ಬಣ್ಣ ಹಾಕದೆ ಬಿಟ್ಟ ಕಡೆಯಲ್ಲೆಲ್ಲ ಟಿಬೆಟ್ಟಿನ ನೆಲ ಹಾಗೇ ಕಾಣುತ್ತದೆ.